ಅಜ್ಜಿಯ ಕೆಸುವಿನ ಗುಂಡಿ

ಮಾರ್ಚ್ 3, ಮಂಗಳವಾರ

ಮತ್ತೆ ಅದೇ ಕೆಂಪು ಮಣ್ಣಿನ ಸ್ಲೈಡು. ಮಲೇಷ್ಯಾದ ಈ ನಿಲಾಯ್‌ಗೆ ಬಂದು ಆರು ವರ್ಷ. ಸ್ಲೈಡು ಬದಲಾಗಿಲ್ಲ, ನಾನೂ ಬದಲಾಗಿಲ್ಲ.

ಈ ತರಬೇತಿ ಬ್ಯಾಚಿನಲ್ಲಿ ಹನ್ನೊಂದು ಜನ. ಎಲ್ಲರೂ ಸಣ್ಣ ದ್ವೀಪ ದೇಶಗಳ ಶಾಲೆಗಳಲ್ಲಿ ಕೃಷಿ ಕಲಿಸುವವರು. ಕಿರಿಬಾಟಿಯ ತೆರೇತಿಯಾ ಕೈ ಎತ್ತಿದಳು. "ಮೇಡಂ, ನಮ್ಮಲ್ಲಿ ಮಣ್ಣೇ ಇಲ್ಲ."

ಬರೀ ಹವಳದ ಮರಳಂತೆ. ನೀರು ಸಿಗುವ ತನಕ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ ಕೆಸು ಬೆಳೆಯುತ್ತಾರಂತೆ. ಆಳೆತ್ತರದ ಕೆಸು. ಉಡುಪಿಯ ಪತ್ರೊಡೆ ನೆನಪಾಯಿತು. ಸಿಲಬಸ್‌ನಲ್ಲಿಲ್ಲ ಎಂದು ಮುಂದಿನ ಸ್ಲೈಡಿಗೆ ಹೋದೆ.

ಮಾರ್ಚ್ 9

ಡೆಮೊ ಪಾಠ. ತೆರೇತಿಯಾ ಗುಂಡಿಯ ಪಾಠವನ್ನೇ ಮಾಡಿದಳು. ಎಷ್ಟು ಚೆಂದ! ಗಿಡದ ಬುಡಕ್ಕೆ ಗೊಬ್ಬರ ತುಂಬುವ ಬುಟ್ಟಿಯನ್ನು ತೆಂಗಿನ ಗರಿಯಿಂದ ಹೆಣೆದು ತೋರಿಸಿದಳು. ಇಡೀ ಕ್ಲಾಸು ಮುಂದಕ್ಕೆ ಬಾಗಿ ಕೂತಿತ್ತು. ಯಾವ ಎಲೆ, ಯಾವ ಕ್ರಮದಲ್ಲಿ ಎಂಬಲ್ಲಿಗೆ ಬಂದು ನಿಲ್ಲಿಸಿಬಿಟ್ಟಳು.

"ಅದು ನನ್ನ ಅಜ್ಜಿಯದು ಮೇಡಂ. ಮನೆಯವರಿಗೆ ಮಾತ್ರ."

ಅಂಕದ ಹಾಳೆಯಲ್ಲಿ ಮನೆಯವರಿಗೊಂದು ಕಾಲಂ ಇಲ್ಲವಲ್ಲ. 'ಪಾಠ ಅಪೂರ್ಣ' ಎಂದು ಬರೆದೆ. ಫೇಲ್. ಸರ್ಟಿಫಿಕೇಟ್ ಇಲ್ಲದೆ ಹೋದರೆ ಅವಳ ಕೆಲಸ ಕಾಯಂ ಆಗುವುದಿಲ್ಲ.

ಮಾರ್ಚ್ 10

ಕೋರ್ಸಿನ ಮುಖ್ಯಸ್ಥ ಕೌಸ್ತುಭ ಸರ್ ಕರೆದರು. ಮೈಸೂರಿನವರು, ಮಾತು ಮೈಸೂರ್ ಪಾಕು.

"ಅಯ್ಯೋ ಮೋಹಿನಿ ಮೇಡಂ, ಒಬ್ಳು ಫೇಲ್ ಆದ್ರೂ ಫಂಡಿಂಗ್‌ನೋರು ತಲೆ ತಿಂತಾರೆ. ಪೂರ್ತಿ ಬರ್ಸ್ಕೊಂಡು ಪಾಸ್ ಮಾಡಿ, ಮುಗೀತು."

ತೆರೇತಿಯಾಗೆ ಹೇಳಿದೆ: ಬರೆದು ಕೊಡು, ನಾನೊಬ್ಬಳೇ ಓದುತ್ತೇನೆ. ಅವಳು ಕೇಳಿದಳು: "ಪ್ರಾಮಿಸ್?" ಪ್ರಾಮಿಸ್ ಅಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಮಾರ್ಚ್ 12

ನಾಲ್ಕು ಪುಟ, ಕೈಬರಹ. ಕವರಿಗೆ ಗೋಂದು ಹಚ್ಚಿ ತಂದಿದ್ದಳು. ಓದಿದೆ. ಇದನ್ನು ಕಂಡುಕೊಂಡವರ ಮುಂದೆ ನನ್ನ ಪಿಎಚ್‌ಡಿ ಯಾವ ಲೆಕ್ಕ! ಮೂವತ್ತಕ್ಕೆ ಇಪ್ಪತ್ತೇಳು ಕೊಟ್ಟೆ. ಉಳಿದವರ ಪಾಠಗಳ ಜೊತೆ ಸ್ಕ್ಯಾನ್ ಮಾಡಿ ಡಿಪಾರ್ಟ್‌ಮೆಂಟ್ ಡ್ರೈವಿಗೆ ಹಾಕಿದೆ. ಮಮಕ್ ಹೋಟೆಲಿನಿಂದ ಊಟ ತಪಾವ್, ಅಂದರೆ ಇಲ್ಲಿನವರ ಪಾರ್ಸೆಲ್, ಮಾಡಿಸಿಕೊಂಡು ಮನೆಗೆ.

ಏಪ್ರಿಲ್ 21

ತರಬೇತಿ ಕೈಪಿಡಿ ಬಂದಿದೆ. ಬಣ್ಣದ ಮುಖಪುಟ. ಪುಟ ನಲವತ್ತಾರು: ಎಲೆಗಳ ಹೆಸರು, ಕ್ರಮ, ದಿನ... ಒಂದೂ ಬಿಟ್ಟಿಲ್ಲ. ಕೆಳಗೆ ಲೇಖಕರು: ಕೌಸ್ತುಭ, ಮೋಹಿನಿ. ತೆರೇತಿಯಾಳ ಹೆಸರು ಎಲ್ಲೂ ಇಲ್ಲ.

ಸರ್ ತೆಗೆದುಕೊಂಡದ್ದು ಡ್ರೈವಿನಿಂದ. ನಾನೇ ಹಾಕಿದ್ದು. ಮರೆತಿರಲಿಲ್ಲ, ಯೋಚನೆಯನ್ನೇ ಮಾಡಿರಲಿಲ್ಲ — ಅದು ಇನ್ನೂ ಕೆಟ್ಟದ್ದು. ಕೌಸ್ತುಭ ಸರ್ ಕೋಣೆಗೆ ಹೋದೆ.

"ನಿಮ್ ಹೆಸ್ರೂ ಹಾಕಿದೀನಲ್ಲ ಮೇಡಂ, ಪ್ರಮೋಷನ್‌ಗಾಗತ್ತೆ."

"ಅದನ್ನ ತೆಗೀರಿ ಸರ್. ಮಾತು ಕೊಟ್ಟಿದ್ದೆ ಅವಳಿಗೆ."

"ಎಲ್ಲಾ ದೇಶದ ಇಲಾಖೆಗೂ ಮೇಲ್ ಹೋಗಾಯ್ತು. ಈಗ್ ಹೇಳ್ತೀರಲ್ಲ!"

ಸುಳ್ಳು ಯಾಕೆ ಬರೆಯಲಿ ಇಲ್ಲಿ. ಪುಟ ತೆರೆದಾಗ ಮೊದಲು ಕಂಡದ್ದು ನನ್ನ ಹೆಸರು. ಒಂದು ಕ್ಷಣ ಖುಷಿಯಾಯಿತು. ಥೂ.

ಏಪ್ರಿಲ್ 22

ಸರ್ಟಿಫಿಕೇಟ್ ಸಮಾರಂಭ. ಅವಳ ಕೈಯಲ್ಲೂ ಕೈಪಿಡಿ. ಜಗಳ ಆಡಲಿಲ್ಲ, ಅಳಲಿಲ್ಲ. ಕೈ ಕುಲುಕಿ, "ನನ್ನ ಅಜ್ಜಿ ಇನ್ನೂ ಬದುಕಿದ್ದಾಳೆ ಮೇಡಂ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಜೂನ್ 18, ಮಧ್ಯಾಹ್ನ 4

ಪ್ರಮೋಷನ್ ಅರ್ಜಿಗೆ ಐದು ಗಂಟೆ ಕೊನೆ. 'ಪ್ರಕಟಣೆಗಳು' ಕಾಲಂ ಬಿಟ್ಟು ಎಲ್ಲ ತುಂಬಿದ್ದೇನೆ.

ಈಗಷ್ಟೇ ತೆರೇತಿಯಾಳ ಮೇಲ್. ಕೆಲಸ ಕಾಯಂ ಆಗಿದೆ. ಆದರೆ ಅಜ್ಜಿ ಅವಳನ್ನು ಗುಂಡಿಯ ಹತ್ತಿರ ಬಿಡುತ್ತಿಲ್ಲ. ಶಾಲೆಯಲ್ಲಿ ಅವಳು ಪಾಠ ಮಾಡಬೇಕಾದದ್ದು ನಮ್ಮ ಕೈಪಿಡಿಯಿಂದಲೇ. ಕೊನೆಗೆ ಒಂದು ಸಾಲು: "ಪುಸ್ತಕವನ್ನು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಕೇಳುತ್ತಾಳೆ, ಈ ಮೋಹಿನಿ ನಮಗೆ ಏನಾಗಬೇಕು? ಯಾರ ಮಗಳು?"

ಮಗಳು ದೀಕ್ಷಿತಾ ಹೆಗಲ ಮೇಲಿಂದ ಓದಿ, ಇಲ್ಲಿನ ಹುಡುಗರ ಧಾಟಿಯಲ್ಲಿ ಅಂದಳು: "ಅಮ್ಮಾ, ಜಸ್ಟ್ ಸೇ ಸಾರಿ ಲಾ." ಎಷ್ಟು ಸುಲಭ ಇವಳಿಗೆ.

4.40. ಕಾಲಮ್ಮಿನಲ್ಲಿ ಕೈಪಿಡಿಯ ಹೆಸರು ಬರೆದೆ. ಅಳಿಸಿದೆ. ಅವಳ ಮೇಲಿಗೆ ಉತ್ತರ ಶುರು ಮಾಡಿದೆ: ಪ್ರೀತಿಯ ತೆರೇತಿಯಾ, ಅಜ್ಜಿಗೆ ಹೇಳು, ನಾನು...

4.56. ಕಾಲಮ್ಮಿನಲ್ಲಿ ಮತ್ತೆ ಕೈಪಿಡಿಯ ಹೆಸರಿದೆ. ಉತ್ತರ ಇನ್ನೂ ಅಲ್ಲೇ ನಿಂತಿದೆ: ನಾನು —