ಮುಖಪುಟದ ಮೇಲಿನ ಮುಳ್ಳುಕಂಟಿ

ಗಂಗಾವತಿ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಗೋವಿಂದರಾಜನಿಗೆ ನಿನ್ನ ಅಕ್ಕನ ಗಂಡ ವಿರುಪಣ್ಣನ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಇನ್ ದಿ ಪಿಂಕ್ ಆಫ್ ಹೆಲ್ತ್ ಇದ್ದೀ ಎಂದು ನಂಬಿದ್ದೇನೆ. ಆರೋಗ್ಯಕ್ಕೂ ಗುಲಾಬಿ ಬಣ್ಣಕ್ಕೂ ಏನು ಸಂಬಂಧ ಎಂದು ಕೊಪ್ಪಳದ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರನ್ನು ಕೇಳಿದ್ದೆ, ಅವರು ಕುಂದ್ರು ಎಂದರು, ಕೂತೆ. ಇವತ್ತಿಗೂ ಗೊತ್ತಿಲ್ಲ. ನಿನ್ನ ಮೊಣಕಾಲು ನೋವು ಹೇಗಿದೆ? ದೇಶದೇಶಕ್ಕೆ ವಿಮಾನದಲ್ಲಿ ಕಾಲು ಮಡಚಿಕೊಂಡು ಹೋದರೆ ನೋಯದೆ ಇನ್ನೇನಾದೀತು. ನಿನ್ನ ಅಕ್ಕ ಇದ್ದಿದ್ದರೆ ಎಳ್ಳೆಣ್ಣೆ ಕಾಸಿ ಹಚ್ಚಿಕೋ ಎನ್ನುತ್ತಿದ್ದಳು. ಅವಳ ಪರವಾಗಿ ನಾನೇ ಹೇಳುತ್ತಿದ್ದೇನೆ, ಹಚ್ಚಿಕೋ. ನನ್ನ ಬಿ.ಪಿ. ಹತೋಟಿಯಲ್ಲಿತ್ತು, ನಿನ್ನ ಪುಸ್ತಕ ಕೈಗೆ ಬರುವ ತನಕ. ಊರಲ್ಲಿ ಭತ್ತದ ಕೊಯ್ಲು. ಮಿಲ್ಲುಗಳ ಬೂದಿ ಹಾರಿ, ಒಣಹಾಕಿದ ಬಿಳಿ ಧೋತರ ಸಂಜೆಗೆ ನನ್ನ ಹಲ್ಲಿನ ಬಣ್ಣಕ್ಕೆ ಬರುತ್ತದೆ.

ಕೊಪ್ಪಳದಲ್ಲಿ ಇಪ್ಪತ್ತೆರಡನೇ ತಾರೀಖು ನಿನಗೆ ಸನ್ಮಾನವಂತೆ. ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಹಾಕಿದ್ದಾರೆ. ವಲಸೆ, ಜನಸಂಖ್ಯೆ, ನಗರ ವಸತಿ ಕ್ಷೇತ್ರದ ಅಂತರರಾಷ್ಟ್ರೀಯ ವಿದ್ವಾಂಸ, ನಮ್ಮ ಜಿಲ್ಲೆಯ ಹೆಮ್ಮೆ ಎಂದು ಬರೆದು, ಕೆಳಗೆ ನಿನ್ನ ಮೋತಿಗಿಂತ ದೊಡ್ಡದಾಗಿ ರೊಕ್ಕ ಕೊಟ್ಟವರ ಮೋತಿ ಹಾಕಿದ್ದಾರೆ. ಅದರಲ್ಲಿ ನೀನು ಗಲ್ಲಕ್ಕೆ ಕೈ ಹಚ್ಚಿಕೊಂಡು ಯೋಚನೆ ಮಾಡುತ್ತಿದ್ದೀ. ಹಲ್ಲು ನೋವಿನವರು ಹಾಗೆ ಕೂಡುವುದನ್ನು ನಾನು ಸರ್ಕಾರಿ ದವಾಖಾನೆಯಲ್ಲಿ ನೋಡಿದ್ದೇನೆ.

ಸಿಟ್ಟಿಗೇಳಬೇಡ. ಹೆಂಡತಿಯ ತಮ್ಮನನ್ನು ಬೈಯುವ ಹಕ್ಕನ್ನು ನನಗೆ ಮದುವೆಯ ದಿನವೇ ಕೊಟ್ಟಿದ್ದಾರೆ. ನೀನು ಹುಲಿಹೈದರದಿಂದ ಒಂದು ಟ್ರಂಕು ಹೊತ್ತು ಬಂದು ನಮ್ಮ ಮನೆಯಲ್ಲಿ ಐದು ವರ್ಷ ಓದಿದವನು. ನಾನು ರೈಸ್ ಮಿಲ್ಲಿನಲ್ಲಿ ದಿವಾನಜಿ, ಲೆಕ್ಕ ಬರೆಯುವವನು, ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟವನು. ನಿನ್ನ ಅಕ್ಕ ಯಂಕವ್ವ ನಸುಕಿನಲ್ಲಿ ರೊಟ್ಟಿ ಬಡಿದು ಕಟ್ಟಿಕೊಡುತ್ತಿದ್ದಳು, ನೀನು ನನ್ನ ಸೈಕಲ್ಲು ಹತ್ತಿ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳನ್ನು ತಿರುಗಿ, ಯಾರು ಯಾವಾಗ ಬಂದರು, ಯಾಕೆ ಬಂದರು, ಎಷ್ಟು ಮಕ್ಕಳು ಎಂದು ಬರೆದುಕೊಂಡು ಬರುತ್ತಿದ್ದೆ. ಅದಕ್ಕೇ ಡಾಕ್ಟರೇಟ್ ಕೊಟ್ಟರು. ಆಗ ನೀನು ಒಂದೊಂದು ಮನೆಯಲ್ಲಿ ಮಜ್ಜಿಗೆ ಕುಡಿದು, ಹರಕುಮುರುಕು ತೆಲುಗಿನಲ್ಲಿ ಮಾತಾಡಿ, ಅವರ ಮುದುಕಿಯರ ಹೆಸರು ಸಹಿತ ಹೇಳುತ್ತಿದ್ದೆ. ಆ ಹುಡುಗನ ಮೇಲೆ ನನಗೆ ಮರ್ಯಾದೆ ಇತ್ತು. ಆಮೇಲೆ ನೀನು ಮುಂಬೈಗೆ ಹೋಗಿ ಡೆಮಾಗ್ರಫಿ ಕಲಿತೆ. ಪುಣೆಗೆ ಹೋಗಿ ಹೌಸಿಂಗ್ ಶುರು ಮಾಡಿದೆ. ಜಿನೀವಾಕ್ಕೆ ಹೋಗಿ ಸಮುದ್ರ ದಾಟಿ ಬಂದವರ ಮೇಲೆ ಪೇಪರು ಓದಿದೆ. ಪ್ರತಿ ಸಲವೂ ಕುರ್ಚಿ ಎತ್ತರವಾಯಿತು, ಮಜ್ಜಿಗೆ ಕುಡಿಯುವ ಕೆಲಸ ನಿನ್ನ ಕೈಕೆಳಗಿನ ಹುಡುಗರ ಪಾಲಿಗೆ ಹೋಯಿತು. ಈಗಿನ ಹುಡುಗರು ಬಿಸ್ಲೇರಿ ಬಾಟಲಿ ತಾವೇ ತರುತ್ತಾರೆ, ಯಾರ ಮನೆಯೊಳಗೂ ಹೋಗುವುದಿಲ್ಲ.

ಈಗ ಪುಸ್ತಕದ ವಿಷಯ. ನಿನ್ನ ವಿದ್ಯಾರ್ಥಿನಿ ಅಂಜಲಿ ಅದನ್ನು ತಂದುಕೊಟ್ಟಳು. ಛಲೋ ಹುಡುಗಿ, ಕಾಲಿಗೂ ಬಿದ್ದಳು. ಗಂಗಾವತಿಯ ಬಾಡಿಗೆ ಮನೆಗಳು ಮತ್ತು ವಲಸೆಗಾರರು ಎಂದು ಹೆಸರು. ಮುಖಪುಟದ ಮೇಲೆ ಬೀಗ ಹಾಕಿದ ಒಂದು ಬಾಗಿಲು, ಅದಕ್ಕೆ ಅಡ್ಡ ಒಂದು ಜಾಲಿಮುಳ್ಳಿನ ಕಂಟಿ. ಒಳಗಿನ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ: ಅಬ್ಯಾಂಡನ್ಡ್ ಡ್ವೆಲಿಂಗ್, ಗಂಗಾವತಿ. ನನ್ನ ಇಂಗ್ಲಿಷ್ ಅರ್ಧ ತುಕ್ಕು ಹಿಡಿದಿದೆ, ಆದರೂ ಅಬ್ಯಾಂಡನ್ಡ್ ಗೊತ್ತು. ಗಂಡ ಬಿಟ್ಟವಳಿಗೆ ವಕೀಲರು ಹಾಗೆ ಬರೆಯುತ್ತಾರೆ. ಗೋವಿಂದರಾಜ, ಅದು ನಮ್ಮ ಮನೆಯ ಬಾಗಿಲು. ಆ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತು ನೀನು ಐದು ವರ್ಷ ಉಂಡಿದ್ದೀ. ಚೌಕಟ್ಟಿನ ಮೂಲೆಯಲ್ಲಿ ನೀನೇ ಕಂಪಾಸಿನ ಮೊಳೆಯಿಂದ ಕೊರೆದ ನಿನ್ನ ಹೆಸರಿನ ಜಿ ಅಕ್ಷರ ಫೋಟೋದಲ್ಲೂ ಕಾಣುತ್ತದೆ. ನೀನು ಪ್ರೂಫ್ ನೋಡಿದೆ, ಮುನ್ನುಡಿ ಬರೆದೆ, ಗುರುತು ಹಿಡಿಯಲಿಲ್ಲ.

ಆ ಕಂಟಿ ಯಾಕೆ ಇತ್ತು ಎಂದು ನಿನಗೆ ಗೊತ್ತಿತ್ತು, ಅದೇ ನನಗೆ ನುಂಗಲಾರದ್ದು. ಹೋದ ವರ್ಷ ಜೂನಿನಲ್ಲಿ ಯಂಕವ್ವ ತೀರಿಕೊಂಡಾಗ ನೀನು ಜಿನೀವಾದಲ್ಲಿ ಸಭೆಯಲ್ಲಿದ್ದೆ. ಅವಳು ಹೋದ ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಟ್ಟು, ಬಾಗಿಲಿಗೆ ಮುಳ್ಳು ಇಡಬೇಕು ಎಂದು ಐನೋರು ಪಂಚಾಂಗ ನೋಡಿ ಹೇಳಿದರು. ಫೋನಿನಲ್ಲಿ ನಿನಗೆ ಹೇಳಿದೆ. ಸೂಪರ್‌ಸ್ಟಿಷನ್ ಮಾಮಾ, ಎಂದೆ ನೀನು. ಹೌದು, ನಾನೂ ಅಷ್ಟೇನು ನಂಬಿದವನಲ್ಲ. ಆದರೆ ಅವಳು ನಂಬಿದ್ದಳು. ಸಾಯುವ ಮುಂಚೆ ತಾನೇ, ತಿಥಿ ನೋಡಿಸ್ರಿ, ನಿಮಗೇನೂ ಆಗಬಾರದು, ಎಂದು ಹೇಳಿ ಹೋಗಿದ್ದಳು. ಸತ್ತವಳ ಒಂದು ಮಾತು ನಡೆಸುವುದಕ್ಕೆ ನನಗೆ ಪಿಎಚ್‌ಡಿ ಬೇಕಾಗಲಿಲ್ಲ.

ಮನೆ ಬಿಟ್ಟು ಹೋಗುವುದು ಎಲ್ಲಿಗೆ? ಇದು ನಿನ್ನ ಸಬ್ಜೆಕ್ಟು, ಕೇಳು. ಪಕ್ಕದಲ್ಲೇ ನನ್ನ ಅಣ್ಣನ ಮಗ ಹನಮೇಶನ ಎರಡಂತಸ್ತು, ಮೇಲಿನದು ಖಾಲಿ. ನನ್ನ ಮುಂದೆ ನಿಲ್ಲಲೂ ಹೆದರಿ, ಬಾಗಿಲ ಸಂದಿಯಿಂದ, ‘ಕಾಕಾ, ತಪ್ಪು ತಿಳೀಬ್ಯಾಡ್ರಿ, ನಕ್ಷತ್ರ ಹಿಂದ ಬರ್ತೈತಂತ, ಮನ್ಯಾಗ ಸಣ್ಣ ಕೂಸು ಐತಿ’ ಎಂದ. ಆ ಕೂಸಿಗೆ ಆಗಲೇ ಮೀಸೆ ಬಂದಿತ್ತು. ಓಣಿಯಲ್ಲಿ ಇನ್ನೂ ಒಂದೆರಡು ಕಡೆ ಕೇಳಿದೆ. ಎಲ್ಲರ ಮನೆಯಲ್ಲೂ ಅವತ್ತೇ ಬೀಗರು ಬರುವವರಿದ್ದರು. ಹಾಸಿಗೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ ಕಾಲುವೆ ದಂಡೆಯ ಶಾಹಜಾದಬಿ ಬಂದಳು. ನಿನಗೆ ನೆನಪಿರಬೇಕು, ಕುಷ್ಟಗಿ ಕಡೆಯಿಂದ ಗಂಡನ ಜೊತೆ ಹಮಾಲಿಗೆ ಬಂದು, ನಮ್ಮ ಮಿಲ್ಲಿನಲ್ಲಿ ನುಚ್ಚು ಕೇರುತ್ತಿದ್ದವಳು. ಯಂಕವ್ವನ ಗೆಳತಿ. ಕಾಯಿಲೆಯಲ್ಲಿ ಅವಳ ತಲೆ ತೊಳೆದು ಹಿಕ್ಕಿದವಳು ಇವಳೇ. ನನ್ನ ಹಾಸಿಗೆಯ ಸುರುಳಿ ಎತ್ತಿ ತನ್ನ ಬಗಲಲ್ಲಿ ಇಟ್ಟುಕೊಂಡು, ‘ನಮ್ಮ ಪಂಚಾಂಗದಾಗ ಆ ನಕ್ಷತ್ರ ಇಲ್ಲ ಅಣ್ಣಾ, ಬರ್ರಿ’ ಎಂದಳು. ಆರು ತಿಂಗಳು ಅವಳ ಗುಡಿಸಲಿನ ಪಡಸಾಲೆಯಲ್ಲಿ ಮಲಗಿದೆ. ಅವಳ ಮಗ ಸಾದಿಕ ನನಗೆ ಬೇರೆ ಸ್ಟವ್ ತಂದಿಟ್ಟಿದ್ದ, ಒಂದು ವಾರ ಬೇರೆ ಬೇಯಿಸಿಕೊಂಡೆ. ಆಮೇಲೆ ಸಾಕೆನಿಸಿತು. ಡಿಸೆಂಬರಿನಲ್ಲಿ ಶಾಂತಿ ಮಾಡಿಸಿ, ಕಂಟಿ ತೆಗೆಸಿ, ಓಣಿಯ ಮನೆಗೆ ಮರಳಿದೆ.

ಈ ನಡುವೆ ಆಗಸ್ಟಿನಲ್ಲಿ ನಿನ್ನ ಹುಡುಗರು ಸರ್ವೆಗೆ ಬಂದಿದ್ದರು. ಆಗಸ್ಟಿನಲ್ಲಿ ಗಂಗಾವತಿಗೆ! ನಾಟಿಯ ಹಂಗಾಮಿನಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಕೋಳಿ ಕೂಗುವ ಮೊದಲೇ ಟ್ರ್ಯಾಕ್ಟರು ಹತ್ತುತ್ತಾರೆ, ಗಂಡಸರು ಮಿಲ್ಲಿಗೆ, ಮಕ್ಕಳು ಸಾಲೆಗೆ, ಮನೆಗೆ ಬೀಗ. ನಿನ್ನ ಹುಡುಗರು ಹನ್ನೊಂದಕ್ಕೆ ನಾಷ್ಟಾ ಮುಗಿಸಿ ಬಂದು, ಬೀಗ ನೋಡಿ ಮೊಬೈಲಿನಲ್ಲಿ ವೇಕಂಟ್, ಅಂದರೆ ಖಾಲಿ, ಎಂದು ಒತ್ತಿದರು. ಮಾರನೇ ದಿನ ಅದೇ ಹೊತ್ತಿಗೆ ಬಂದು ಮತ್ತೆ ಒತ್ತಿದರು. ಮುಳ್ಳು ಇದ್ದ ಮನೆಯನ್ನು ಅಬ್ಯಾಂಡನ್ಡ್ ಎಂದರು, ಅದರ ಮುಂದೆ ಸೆಲ್ಫಿ ತೆಗೆದರು. ಅವರನ್ನು ನಾನು ಬೈಯುವುದಿಲ್ಲ. ನಾಟಿ ಯಾವಾಗ ಎಂದು ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತು. ನಿನ್ನ ಅವ್ವ ಇದೇ ಕೆಸರಿನಲ್ಲಿ ಸಸಿ ಹಚ್ಚಿ ನಿನ್ನನ್ನು ಓದಿಸಿದವಳು.

ಅಂಥ ಲೆಕ್ಕದ ಮೇಲೆ ನೀನು ತೀರ್ಮಾನ ಬರೆದೆ: ಗಂಗಾವತಿಯಲ್ಲಿ ಮನೆಗಳ ಕೊರತೆ ಇಲ್ಲ, ಬಾಡಿಗೆಗೆ ಬೇಕಾದಷ್ಟು ಖಾಲಿ ಬಿದ್ದಿವೆ, ಕಾಲುವೆ ದಂಡೆಯ ವಲಸೆಗಾರರನ್ನು ಅವುಗಳಲ್ಲಿ ಅಬ್ಸಾರ್ಬ್ ಮಾಡಬಹುದು. ನೀರು ಹೀರುವ ಅರಿವೆಗೆ ಹೇಳುವ ಮಾತನ್ನು ಮನುಷ್ಯರಿಗೆ ಹೇಳಿದೆ. ನಗರಸಭೆ ಆಫೀಸಿನವರಿಗೆ ಇಷ್ಟೇ ಬೇಕಾಗಿತ್ತು. ದಂಡೆಯವರಿಗೆ ಬೇರೆ ಜಾಗ ಕೊಡುವ ಮಾತು ಇತ್ತು. ಅದು ಹೋಯಿತು, ಗುಡಿಸಲು ತೆಗೆಯಿರಿ ಎಂಬ ನೋಟಿಸು ಬಂತು. ನಿನ್ನ ಪುಸ್ತಕದ ಹೆಸರು ಅದರಲ್ಲಿ ಅಚ್ಚಾಗಿದೆ. ಶಾಹಜಾದಬಿ ಬಾಡಿಗೆಗೆ ಕೇಳಲು ಹನಮೇಶನ ಹತ್ತಿರವೂ ಹೋಗಿಬಂದಳು. ನಿಮ್ಮ ಮಂದಿಗೆ ಕೊಡಂಗಿಲ್ಲವ್ವ ಎಂದನಂತೆ, ನಕ್ಷತ್ರದ ಮಾತನ್ನೂ ಆಡದೆ. ಅಬ್ಸಾರ್ಬ್ ಮಾಡುವವನು ಇಂಥವನು. ಅವಳು ಬಂದು ಪರಾತದಲ್ಲಿ ಅಕ್ಕಿ ಆರಿಸುತ್ತ ಕೂತಳು. ನಿನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ವಾರ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ನೀನು, ‘ಮಾಮಾ, ಸ್ವಲ್ಪ ಮಿಸ್‌ಕ್ಲಾಸಿಫಿಕೇಶನ್ ಇದ್ದೇ ಇರ್ತೈತಿ, ನಾ ಬರೀ ವರ್ಣನೆ ಮಾಡಾಂವ, ಪಾಲಿಸಿ ಮಾಡೋರು ಬ್ಯಾರೆ’ ಎಂದು, ಮೀಟಿಂಗ್ ಇದೆ ಎಂದು ಫೋನ್ ಇಟ್ಟೆ. ನಿನ್ನ ಅಕ್ಕನ ಸಾವೂ ಆ ಸ್ವಲ್ಪದಲ್ಲೇ ಬಂತಲ್ಲ. ಅಂದಹಾಗೆ, ಪುಣೆಯಲ್ಲಿ ನೀನು ಕೊಂಡಿರುವ ಎರಡನೇ ಫ್ಲ್ಯಾಟಿಗೆ ಬೀಗ ಹಾಕಿ ನಾಲ್ಕು ವರ್ಷವಾಯಿತು. ಅದು ಯಾವ ಕಾಲಮ್ಮಿನಲ್ಲಿ ಬರುತ್ತದೆ? ಅಲ್ಲಿ ಅಬ್ಸಾರ್ಬ್ ಮಾಡಲು ಯಾರಿಗೂ ಜಾಗವಿಲ್ಲವೇ? ಇನ್ವೆಸ್ಟ್‌ಮೆಂಟ್ ಎಂದು ನಿನ್ನ ಹೆಂಡತಿ ಹೇಳಿದ್ದಳು. ಹೋಗಲಿ, ಅವಳನ್ನು ಕೇಳಿದ್ದೇನೆಂದು ಹೇಳು. ಒಳ್ಳೆಯ ಹೆಣ್ಣುಮಗಳು, ಯಂಕವ್ವನಿಗೆ ಪ್ರತಿ ದೀಪಾವಳಿಗೆ ಸೀರೆ ಕಳಿಸುತ್ತಿದ್ದಳು.

ನಿನ್ನಿಂದ ನಾನು ಕೇಳುವುದು ದೊಡ್ಡದಲ್ಲ. ಹೊಸ ಪುಸ್ತಕ ಬೇಡ, ಕ್ಷಮೆ ಬೇಡ. ಬೀಗ ಹಾಕಿದ ಮನೆಗಳನ್ನು ಖಾಲಿ ಎಂದು ತಪ್ಪಾಗಿ ಎಣಿಸಿದ್ದೇವೆ, ಈ ಪುಸ್ತಕ ನಂಬಿ ಯಾರನ್ನೂ ಎಬ್ಬಿಸಬಾರದು ಎಂದು ನಿನ್ನ ಸಹಿ ಹಾಕಿ ಆಫೀಸಿಗೆ ಕೊಡು. ಇಮೇಲಿನಲ್ಲಿ ಬೇಡ, ಅದನ್ನು ಇಲ್ಲಿ ಯಾರೂ ಓದುವುದಿಲ್ಲ. ನೀನೇ ಬಂದು ಕೈಯಲ್ಲಿ ಕೊಡಬೇಕು. ನಿನ್ನ ಹೆಸರಿನ ಹಿಂದೆ ಬಾಲದಂತೆ ಇರುವ ಡಿಗ್ರಿಗಳಿಗೆ ಇಷ್ಟು ವರ್ಷದಲ್ಲಿ ಇದೊಂದು ಕೆಲಸವಾದರೂ ಬರಲಿ. ಹೆಸರು ಹೋಗುತ್ತದೆ ಎಂದು ಅಂಜಬೇಡ, ಕೊಪ್ಪಳದ ಫ್ಲೆಕ್ಸಿನವರು ಪುಸ್ತಕ ಓದಿಲ್ಲ, ಓದುವುದೂ ಇಲ್ಲ.

ಹಠ ಬಿಡು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಾ. ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ, ನಿನಗೂ ಅಷ್ಟೇ, ಬೈಗುಳ ಬೇರೆ, ಆಶೀರ್ವಾದ ಬೇರೆ.

ಇತಿ ನಿನ್ನ ಮಾಮಾ,
ವಿರುಪಣ್ಣ

ತಾ.ಕ.: ಅಂಚೆ ಕಚೇರಿ ಮುಚ್ಚುತ್ತಾರೆ, ಬೇಗ ಬರೆಯುತ್ತೇನೆ. ಸನ್ಮಾನ ಶನಿವಾರ, ಆದರೆ ದಂಡೆಯ ಗುಡಿಸಲು ಕೆಡವಲು ಜೆಸಿಬಿ ಬರುವುದು ಗುರುವಾರ ಬೆಳಿಗ್ಗೆ. ಅದು ರಸ್ತೆಯ ಕಡೆಯಿಂದಲೇ ಕಾಲುವೆಯ ದಂಡೆ ಹತ್ತಬೇಕು, ಬೇರೆ ದಾರಿ ಇಲ್ಲ. ಆ ತುದಿಯಲ್ಲಿ, ಎಲ್ಲರ ಗುಡಿಸಲಿಗಿಂತ ಮುಂದೆ, ನಿನ್ನೆ ನಾಲ್ಕು ಗಳ ನೆಟ್ಟು ತಗಡು ಹೊದಿಸಿದ್ದೇನೆ. ನನ್ನ ಮಂಚ, ಯಂಕವ್ವನ ಫೋಟೋ, ನನ್ನ ಗುಳಿಗೆಗಳು ಎಲ್ಲ ಅಲ್ಲಿಗೆ ಬಂದಿವೆ. ಶಾಹಜಾದಬಿ ಬೇಡವೆಂದು ಜಗಳವಾಡಿದಳು, ಕೇಳಲಿಲ್ಲ. ಮೊದಲು ನನ್ನದನ್ನು ಕೆಡವಿದ ಮೇಲೆಯೇ ಅವಳದಕ್ಕೆ ಹೋಗಬೇಕು, ನಾನು ಒಳಗಿಂದ ಏಳುವುದಿಲ್ಲ. ನೀನು ಬುಧವಾರವೇ ಬಾ. ಬೀಗ ಹಾಕಿಲ್ಲ.