ದೇವರ ದೊಡ್ಡಿಯ ಅಳತೆ

ಉತ್ತಮಪಾಳ್ಯ ಬಿಡಾರ,
ಮಾಸಿ ತಿಂಗಳು ೯, ೧೮೯೪

ಅಯ್ಯನವರ ಪಾದಕ್ಕೆ ಮಗ ಮುದ್ದಯ್ಯನ ನಮಸ್ಕಾರ.

ಅಳತೆಯ ಕೆಲಸ ಇನ್ನೂ ಕಲಿಯುತ್ತಲೇ ಇದ್ದೇನೆ. ಹೊಸ ಕಾಲುವೆಯ ಗೆರೆ ನೀವು ಕಾಯುವ ನಮ್ಮ ದೇವರ ಹಸುಗಳ ದೊಡ್ಡಿಗೆ ಬಂದಾಗ, ‘ಒಳಾಕೆ ಕಬ್ಬಿಣ ತರಕೂಡಾದು’ ಎಂಬ ನಿಮ್ಮ ಮಾತು ನೆನಪಾಗಿ, ಅಳತೆಯ ಕಬ್ಬಿಣದ ಸರಪಳಿಯನ್ನು ಬೇಲಿಯ ಸುತ್ತ ಎಳೆದು ಅಳೆದೆ. ಅದನ್ನೇ ನೇರ ಅಳತೆಯೆಂದು ಬರೆದುಬಿಟ್ಟೆ. ಮುಂದಿನದೆಲ್ಲ ತಪ್ಪಿತು. ಮೂರು ವಾರದ ಗೂಟಗಳನ್ನು ಕಿತ್ತು ಮತ್ತೆ ನೆಡುತ್ತಿದ್ದೇವೆ, ತೋಳು ಮೇಲೇಳುವುದಿಲ್ಲ. ‘ನೀರೂ ಬೇಲಿ ಸುತ್ತಿ ಹೋಗುತ್ತದೇನಪ್ಪಾ?’ ಎಂದು ಓವರ್‌ಸಿಯರ್ ಕೇಳಿದರು. ನಾನು ಮುಂದಿನ ಗೂಟ ಕಿತ್ತೆ.

ಸೋಮವಾರ ದೊಡ್ಡಿಯ ನಡುವೆಯೇ ಅಳೆಯಬೇಕು. ಹಸುಗಳನ್ನು ಹುಣಸೆಮರದ ನೆರಳಿಗೆ ಹೊಡೆಸಿ. ಬಾಗಿಲನ್ನು ನೀವೇ ತೆಗೆಯಿರಿ, ಬೇರೆ ಯಾರೂ ಬೇಡ. ಚಪ್ಪಲಿ ಹೊರಗೇ ಬಿಟ್ಟು ಬರುತ್ತೇನೆ. ಸರಪಳಿಯನ್ನು ಬಿಡಲಾಗದು.

ನಿಮ್ಮ
ಮುದ್ದಯ್ಯ