ಎಲ್ಲಿಗ್ ಹೊಂಟ್ರಿ ಅಂತ ಕೇಳಿದರೆ

ಕೌಲ್ ಬಜಾರ್, ಬಳ್ಳಾರಿ
ಸೋಮವಾರ, ಇಳಿಹೊತ್ತು

ಪ್ರೀತಿಯ ಜ್ಯೋತವ್ವಾ,

ಹಾಗಾಗಿ ಅದು ದವಾಖಾನೆಯಂತೆ ಅಲ್ಲವೇ ಅಲ್ಲ. ನಿನ್ನೆ ಫೋನಿನಲ್ಲಿ ನಮ್ಮ ಮಾತು ಅಲ್ಲಿಗೇ ನಿಂತಿತ್ತು, ಕೂಸು ಅತ್ತಿತು, ನೀನು ಇಟ್ಟುಬಿಟ್ಟೆ. ಅದಿರಲಿ, ಮೊದಲು ನಿನ್ನ ಆರೋಗ್ಯ ಹೇಗಿದೆ? ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ? ನಿಮ್ಮತ್ತೆ ಕೊಡುವ ಪಾಯಸ ಬೇಡ ಎನ್ನಬೇಡ. ಹೆರಿಗೆಗೆ ನಿನ್ನನ್ನು ಇಲ್ಲಿಗೆ ಕರೆತರಬೇಕಿತ್ತು. ಬಾಣಂತನಕ್ಕೆ ನಿಮ್ಮವ್ವನೇ ಇಲ್ಲದ ಮನೆಗೆ ಹೇಗೆ ಕರೆಯಲಿ? ನಿಮ್ಮತ್ತೆ, ಆ ತಾಯಿ, ನಿನ್ನನ್ನು ಸಿರುಗುಪ್ಪದಲ್ಲೇ ಇಟ್ಟುಕೊಂಡು ನೋಡಿಕೊಂಡರು. ಅವರ ಉಪಕಾರ ಮರೆಯುವಂಥದಲ್ಲ.

ಕಂಟೋನ್ಮೆಂಟಿನ ಮಾತಿಗೆ ಬರುತ್ತೇನೆ. ನೀನೇ ಹುಡುಕಿ ಗೊತ್ತುಮಾಡಿದ ಥೆರಪಿ, ಮನಸ್ಸಿನ ಭಯಕ್ಕೆ ಮಾತಿನ ಚಿಕಿತ್ಸೆ. ಮೊದಲ ದಿನ ರಕ್ತ ತೆಗೆಯುತ್ತಾರೆಂದು ಊಟ ಬಿಟ್ಟು, ಹಳೆಯ ಎಕ್ಸ್‌ರೇಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದೆ. ಥೆರಪಿ ಮಾಡುವ ಅನುಷಾ ಮೇಡಂ ನೋಡಿ, "ಅಜ್ಜಾರ, ಮೊದ್ಲು ಏನರ ತಿಂದ್ ಬರ್ರಿ" ಅಂದರು. ಮಾತ್ರೆಯಿಲ್ಲ, ಸೂಜಿಯಿಲ್ಲ. ಎರಡು ಕುರ್ಚಿ, ಸುಮಾರು ಒಂದು ತಾಸಿನ ಮಾತು, ವಾರಕ್ಕೊಮ್ಮೆ. ಅಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲವಂತೆ. ನಮ್ಮ ಓಣಿಯಲ್ಲಿ ಅಂಥ ಜಾಗ ಎಲ್ಲಿದೆ ಹೇಳು! ನಾನು ಹುಟ್ಟಿದಾಗಿನಿಂದ ಕಥೆ ಶುರುಮಾಡಲು ಸಿದ್ಧನಾಗಿದ್ದೆ. ಅವರು ಕೇಳಿದ್ದು, ಈಗ ಏನು ಮಾಡಲಾಗುತ್ತಿಲ್ಲ, ಏನು ಮಾಡುವ ಆಸೆ ಅಂತ. ಹುಟ್ಟಲಿರುವ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಬೇಕು ಎಂದೆ. ಅಷ್ಟಕ್ಕೇ ಕಣ್ಣು ತುಂಬಿತು.

ನಿನಗೆ ಗೊತ್ತಿರುವುದೇ. ಅಂದು ಕುರುಗೋಡಿನ ಮದುವೆಗೆ ಹೊರಟಾಗ ಎದುರುಮನೆ ಶಾಹಜಾನಬಿ "ಎಲ್ಲಿಗ್ ಹೊಂಟ್ರಿ ಅಣ್ಣಾರ" ಅಂದಳು. ಹಾಗೆ ಕೇಳಿದರೆ ಅಪಶಕುನವೆಂದು ಮನೆಯೊಳಗೆ ಬಂದು ಕೂತು, ನೀರು ಕುಡಿದು ಹೋಗುವುದು ರೂಢಿ. ಬಸ್ಸಿನ ಅವಸರ, ತಿರುಗಲಿಲ್ಲ. ಅಕ್ಷತೆ ಬೀಳುವ ಮುಂಚೆಯೇ ಫೋನ್ ಬಂತು, ನಿಮ್ಮವ್ವನ ಎದೆ ನಿಂತಿತ್ತು. ಆಮೇಲೆ ಯಾರಾದರೂ ಕೇಳಿದರೆ ವಾಪಸು, ಬರಬರುತ್ತಾ ಕೇಳದಿದ್ದರೂ ವಾಪಸು. ಕಂಟೋನ್ಮೆಂಟಿಗೂ ಶಾಹಜಾನಬಿಯ ಗಂಡ ಚಾಂದಸಾಬನ ಆಟೋವನ್ನು ಬಾಗಿಲಿಗೇ ತರಿಸಿ, ಯಾರೂ ಕೇಳದಿರಲೆಂದು ತಲೆ ತಗ್ಗಿಸಿ ಹತ್ತುತ್ತಿದ್ದೆ. ಸಿರುಗುಪ್ಪ ನನಗೆ ಲಂಡನ್ನಿನಷ್ಟು ದೂರವಾಗಿತ್ತು.

ಮೇಡಂ ಹೀಯಾಳಿಸಲಿಲ್ಲ. "ಸಾಕ್ಷಿ ನೋಡೋಣ್ರಿ" ಅಂದರು. ಶಾಹಜಾನಬಿ ಕೇಳಿಯೂ, ನೀವು ತಿರುಗದೆಯೂ, ಏನೂ ಆಗದ ದಿನ ಒಂದೂ ಇಲ್ಲವೇ? ಇದ್ದವಲ್ಲ, ರಾಶಿ ರಾಶಿ! ನಮ್ಮ ಕಾಲೇಜಿನ ಲಾಜಿಕ್ ಮೇಷ್ಟ್ರು ಇದನ್ನೇ ಹೇಳಿದ್ದರು: ಆಫ್ಟರ್ ದಿಸ್ ಈಸ್ ನಾಟ್ ಬಿಕಾಸ್ ಆಫ್ ದಿಸ್, ಅಂದರೆ ಇದರ ನಂತರ ಆದದ್ದೆಲ್ಲ ಇದರಿಂದಲೇ ಆದದ್ದಲ್ಲ. ಅದಕ್ಕೊಂದು ಲ್ಯಾಟಿನ್ ಹೆಸರೂ ಇತ್ತು, ಮರೆತಿದ್ದೇನೆ.

ಆಮೇಲೆ ಹೋಂವರ್ಕ್. ಶಾಹಜಾನಬಿ ಕೇಳಬೇಕು, ನಾನು ನೀರು ಕುಡಿಯದೆ ಓಣಿಯ ತುದಿಗೆ ಹೋಗಿ ಬರಬೇಕು. ನಾನು ಜಾಣ ನೋಡು, ಅವಳ ಹತ್ತಿರ ಹೋಗಿ ಈ ವಾರ ಕೇಳಬೇಡವ್ವಾ ಅಂದು, ಆರಾಮಾಗಿ ತಿರುಗಾಡಿಬಂದು, ಪಾಸಾದೆ ಎಂದೆ. ಮೇಡಂಗೆ ನಗು ತಡೆಯಲಾಗಲಿಲ್ಲ. "ಪೇಪರ್ ಔಟ್ ಮಾಡೀರಲ್ರಿ ಅಜ್ಜಾರ!" ಸರಿ, ಶಾಹಜಾನಬಿಗೆ ನಿಜ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ಅತ್ತುಬಿಟ್ಟಳು. ತಾನು ಕೇಳಿದ್ದಕ್ಕೇ ಅಕ್ಕ ಹೋದಳೆಂದು ಅವಳೂ ಇಷ್ಟು ದಿನ ಒಳಗೊಳಗೇ ಬೇಯುತ್ತಿದ್ದಳಂತೆ. ಈಗ ಮಾಳಿಗೆ ಮೇಲಿಂದಲೇ ಕೂಗುತ್ತಾಳೆ, "ಎಲ್ಲಿಗ್ ಹೊಂಟ್ರಿ ಅಣ್ಣಾರ, ದುಬೈಗೇನು?"

ಮೊದಮೊದಲು ಎದೆ ಡವಗುಟ್ಟಿತು, ಅಂಗಿ ತೊಯ್ದಿತು. ಶುರುವಿಗೆ ಕಷ್ಟ ಜಾಸ್ತಿಯೇ ಅನಿಸುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು, ಹಾಗಾಗಿ ತಿರುಗಲಿಲ್ಲ. ಮೊನ್ನೆ ಶನಿವಾರ ಕುರುಗೋಡಿನ ಬಸ್ಸನ್ನೇ ಹತ್ತಿದೆ. ಆ ಮದುವೆಮನೆಯ ಎದುರು ನಿಂತು ಒಂದು ಚಹಾ ಕುಡಿದು ಬಂದೆ. ಅವಳ ನೆನಪಿನ ಸಂಕಟ ಇದ್ದೇ ಇದೆ, ಅದು ಇರಲಿ ಬಿಡು. ಭಯ ಮಾತ್ರ ಸಣ್ಣದಾಗಿದೆ. ಇದೆಲ್ಲ ನಿನ್ನಿಂದ ಆಯಿತವ್ವಾ. ಬಸುರಿ ಹೆಂಗಸು, ನಿನ್ನ ಕಾಲು ಬಾತಿದ್ದರೂ ಅಪ್ಪನಿಗಾಗಿ ಹತ್ತು ಕಡೆ ವಿಚಾರಿಸಿದೆ. ಇನ್ನೂ ಬರೆಯುವುದಿತ್ತು, ಅಷ್ಟರಲ್ಲಿ ಅಕ್ಷರವೇ ಕಾಣುತ್ತಿಲ್ಲ, ಹೊತ್ತು ಮುಳುಗಿತು.

ಅಳಿಯಂದಿರಿಗೂ ನಿಮ್ಮತ್ತೆಗೂ ನನ್ನ ಶರಣು. ಕೂಸಿನ ಅಂಗಾಲಿಗೆ ಒಂದು ಮುತ್ತು. ನೂರು ಕಾಲ ತಣ್ಣಗಿರಿ.

ನಿನ್ನ ಅಪ್ಪ,
ಹಾಲಸಿದ್ದಪ್ಪ

ತಾ.ಕ.: ನಿಮ್ಮವ್ವನ ಹಸಿರು ಸೀರೆಯಲ್ಲಿ ಶಾಹಜಾನಬಿ ಕೂಸಿಗೆ ಕುಲಾವಿ ಹೊಲಿದಿದ್ದಾಳೆ. ತೊಟ್ಟಿಲ ಕಾರ್ಯಕ್ಕೆಂದು ಮುಂದಿನ ಗುರುವಾರ ಮುಂಜಾನೆಯ ಬಸ್ಸಿಗೆ ನಾನೇ ತರುತ್ತೇನೆ. ಆದರೆ ಅವಳು ಅಂದು ರಾರಾವಿಗೆ, ಮಗಳ ಮನೆಗೆ ಹೋಗಿರುತ್ತಾಳೆ, ಕೇಳುವವರಿಲ್ಲ. ಹೊರಡುವ ಹೊತ್ತಿಗೆ ನೀನೇ ಫೋನ್ ಮಾಡಿ, ಎಲ್ಲಿಗೆ ಹೊಂಟಿ ಅಪ್ಪಾ ಅಂತ ಕೇಳು. ಹೊಸ್ತಿಲಲ್ಲಿ ನಿಂತಿರುತ್ತೇನೆ. ನಿನ್ನ ಕಡೆಗೇ ಅಂತ ಹೇಳಿ ದಾಟುತ್ತೇನೆ.